ಸಾಕ್ಸ್ ಬಿಚ್ಚದ ಹುಡುಗಿ

ಚರ್ಮದ ಡಾಕ್ಟರ ಕೋಣೆಯ ಮುಂದೆ ನನ್ನ ಪಕ್ಕ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕನ ಮಗಳು ನೀರು ಕುಡಿಯಲು ಹೋಗಿದ್ದಳು.

“ಮೊದಲು ಶಾಲೇಲಿ ಬರಿಗಾಲಲ್ಲೇ ಓಡಾಡ್ತಿದ್ಲಲ್ವಾ ಅಕ್ಕಾ?”

“ಹೂಂ, ಶೂ ಬ್ಯಾಗಲ್ಲಿ, ಕಾಲು ಮಣ್ಣಲ್ಲಿ. ಅವಳ ಅಗಲ ಪಾದ ನೋಡಿ ಮಕ್ಕಳೆಲ್ಲ ‘ಬಾತುಕೋಳಿ’ ಅಂತ ರೇಗಿಸಿದ್ರೂ ನಗ್ತಿದ್ಲು.”

“ಮತ್ತೇನಾಯ್ತು?”

“ಒಂದಿನ ಟೀಚರ್ ಎದುರು ನಾನೂ ಹಾಗೇ ಕರೆದ್ಬಿಟ್ಟೆ ಕಣೇ. ಎಲ್ಲರೂ ನಕ್ಕರು, ಅವಳು ನಗಲಿಲ್ಲ.”

“ತಮಾಷೆಗೆ ತಾನೇ?”

“ಅವಳಿಗೆ ಹಾಗನ್ನಿಸಬೇಕಲ್ಲ! ಅವತ್ತಿಂದ ಮಲಗುವಾಗ್ಲೂ ಸಾಕ್ಸ್ ಬಿಚ್ಚಲ್ಲ. ಬೆರಳ ಸಂದೀಲೆಲ್ಲ ಹುಣ್ಣು.”

“ತಪ್ಪಾಯ್ತು ಅಂತ ಹೇಳಿದ್ಯಾ?”

“ಹೇಳಿದೆ. ‘ಪರವಾಗಿಲ್ಲ ಬಿಡಮ್ಮ’ ಅಂದ್ಲು, ದೊಡ್ಡವರ ಹಾಗೆ.”

ಹುಡುಗಿ ಬಂದಳು. ನರ್ಸ್ ಒಳಗೆ ಕರೆದರು. ಅಮ್ಮ ಕೈ ಚಾಚಿದಳು. ಹುಡುಗಿ ಚಿಕ್ಕಮ್ಮನ ಕೈ ಹಿಡಿದು ಒಳಗೆ ಹೋದಳು.