ಬಾಯಿ ಮುಚ್ಚಿದ ಕಡಲಹೂವು

ಅಕ್ವೇರಿಯಂ ಅಂಗಡಿಯಲ್ಲಿ ನನ್ನ ಮುಂದಿದ್ದ ಹೆಂಗಸು ಅಂಗಡಿಯವನತ್ತ ನೀರಿನ ಬಾಟಲಿ ಚಾಚಿದಳು.

"ನಮ್ಮ ತೊಟ್ಟಿ ನೀರು ಅಣ್ಣಾ. ಯಜಮಾನರ ಅನಿಮೋನ್, ಅದೇ ಆ ಹೂವಿನ ಹಾಗಿರೋ ಪ್ರಾಣಿ, ಕಡಲಹೂವು, ಮುದುಡಿ ನಿಂಬೆಕಾಯಿಯಷ್ಟಾಗಿದೆ. ನಾಳೆ ಅವರು ಆಸ್ಪತ್ರೆಯಿಂದ ಬರ್ತಾರೆ!"

ಅಂಗಡಿಯವನು ಅಳೆದು ನೋಡಿದ. "ಉಪ್ಪು ವಿಪರೀತ. ಏನು ಮಾಡಿದ್ರಿ?"

"ನೀರು ಆವಿಯಾಗಿ ಇಳಿದ ಹಾಗೆಲ್ಲ ಉಪ್ಪುನೀರು ತುಂಬಿಸಿದೆ."

"ಆವಿಯಾಗೋದು ನೀರು ಮಾತ್ರ ಅಕ್ಕಾ, ಉಪ್ಪು ಅಲ್ಲೇ ಇರುತ್ತೆ. ಒಲೆ ಮೇಲಿನ ಅಡುಗೆ ಬತ್ತಿದ್ರೆ ಮತ್ತೆ ಉಪ್ಪು ಸುರೀತೀರಾ?"

"ಅಯ್ಯೋ, ನಾನೇ ಕೊಂದೆನಾ?"

"ಬಾಯಿ ತೆರೆದು ಜೋತುಬಿದ್ದಿದೆಯಾ? ನಾತ ಬರ್ತಿದೆಯಾ?"

"ಇಲ್ಲ, ಬಾಯಿ ಬಿಗಿಯಾಗಿ ಮುಚ್ಚಿದೆ."

"ಹಾಗಿದ್ರೆ ಬದುಕಿದೆ. ಶುದ್ಧ ಸಿಹಿನೀರು ಹಾಕಿ, ಗಂಟೆಗೊಂದು ಲೋಟ. ಒಟ್ಟಿಗೆ ಸುರಿದ್ರೆ ಮಾತ್ರ ಕತೆ ಮುಗೀತು."

ಅಷ್ಟರಲ್ಲಿ ಫೋನ್ ಬಂತು. ಅವಳು ಬಾಗಿಲಿನತ್ತ ಓಡಿದಳು.

"ಹೂಂ ರೀ, ಚೆನ್ನಾಗಿ ಅರಳಿದೆ... ಇಲ್ಲ ರೀ, ಸುಳ್ಳು. ಮುದುಡಿದೆ. ನಾಳೆ ಬಂದು ಬೈಯಿರಿ. ಈಗ ಗಂಟೆಗೊಂದು ಲೋಟ ಸಿಹಿನೀರು ಹಾಕ್ಬೇಕಂತೆ, ಎಷ್ಟು ದೊಡ್ಡ ಲೋಟ ಅಂತ ಹೇಳಿ."