ಮೂರನೇ ಹಾಸಿಗೆ

ಕಡಲಂಚಿನ ಭಾರೀ ಅತಿಥಿಗೃಹಕ್ಕೆ ಪರದೆ ಹೊಲಿದು ಕೊಟ್ಟ ದರ್ಜಿ ತನ್ನ ಬಸ್ಸಿಗೆ ಕಾಯುತ್ತಿದ್ದ. ರಾತ್ರಿ ಅಲ್ಲೇ ತಂಗಿದ್ದ ಗಂಡಹೆಂಡತಿ ಬಂದು ಪಕ್ಕದಲ್ಲಿ ನಿಂತರು.

“ಅಂಥಾ ಮೆತ್ತನೆ ಹಾಸಿಗೇಲೂ ನೀವು ಕಣ್ಣು ಮುಚ್ಚಲಿಲ್ಲ.”

“ನೀನು ಮುಚ್ಚಿದ್ಯಾ?”

“ಕೌಂಟರಲ್ಲಿ ಎಷ್ಟು ಜನ ಅಂದ್ರೆ ಮೂರು ಅಂದ್ರಿ.”

“ಬಾಯಿ ತಪ್ಪಿ ಬಂತು ಕಣೇ. ಮಗು ಹೋಗಿ ವರ್ಷ ಆದ್ರೂ ಈ ನಾಲಿಗೆಗೆ ತಿಳಿಯಲ್ಲ.”

“ಅದಕ್ಕಲ್ಲ ನನ್ನ ಸಿಟ್ಟು. ಅಲ್ಲಿನವರು ಪುಟ್ಟ ಹಾಸಿಗೆ ತಂದು ಹಾಸಿದ್ರಲ್ಲ, ಅದನ್ನ ಯಾಕೆ ವಾಪಸ್ ಕಳಿಸಿದ್ರಿ?”

“ನೋಡಿದ್ರೆ ನಿನ್ನ ಕರುಳು ಕಿತ್ತು ಬರುತ್ತೆ ಅಂತ.”

“ಒಂದು ರಾತ್ರಿ ಅಲ್ಲೇ ಇದ್ದಿದ್ರೆ ಯಾರಪ್ಪನ ಗಂಟು ಹೋಗ್ತಿತ್ತು?”

ಅವರ ಬಸ್ಸು ಬಂತು. ಗಂಡ ಮೊದಲು ಹತ್ತಿ, ಮೂವರ ಸೀಟಿನಲ್ಲಿ ಕಿಟಕಿಯ ಪಕ್ಕದ ಜಾಗ ಖಾಲಿ ಬಿಟ್ಟು ಕುಳಿತ. ಹೆಂಡತಿ ಅವನ ಈಚೆ ಕುಳಿತದ್ದು ದರ್ಜಿಗೆ ಕಂಡಿತು.