ನಲವತ್ತೊಂದರಲ್ಲಿ ಇಬ್ಬರು

ಇದು ಕಟ್ಟಿದ ಕತೆಯಲ್ಲ. ಬೇಕಿದ್ದರೆ ನಾಳೆ ನನ್ನ ಚಿಕ್ಕಮ್ಮನ ಮಗಳನ್ನೇ ಕೇಳಿ… ಆದರೆ ಬೆಳಿಗ್ಗೆ ಕೇಳಿ. ಕತ್ತಲಾದ ಮೇಲೆ ಅವಳು ಈ ವಿಷಯದ ಬಗ್ಗೆ ಬಾಯಿ ಬಿಡುವುದಿಲ್ಲ.

ಅವಳನ್ನು ನಾವೆಲ್ಲ ಚೊಕ್ಕಿ ಅಂತ ಕರೆಯುತ್ತೇವೆ. ಅಷ್ಟು ಚೊಕ್ಕ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಚೆಲ್ಲಾಪಿಲ್ಲಿಯಾದ ಚಪ್ಪಲಿಗಳನ್ನು ಜೋಡಿಸಿಟ್ಟೇ ಒಳಗೆ ಕಾಲಿಡುವವಳು. ಕೆಲಸ ದೊಡ್ಡಾಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ. ರಾತ್ರಿ ಹತ್ತಕ್ಕೆ ಯಾವ ಹಾಸಿಗೆಯಲ್ಲಿ ಯಾರಿದ್ದಾರೆ ಅನ್ನುವ ಪಟ್ಟಿಯನ್ನು ಎಲ್ಲ ವಾರ್ಡುಗಳಿಗೂ ಕಳಿಸಿದರೆ ಅವಳ ದಿನ ಮುಗಿಯಿತು.

ಆ ವಾರ ಅವಳ ಅತ್ತೆಯೂ ಅಲ್ಲೇ ಇದ್ದರು. ನಿಮೋನಿಯಾ. ಎರಡನೇ ಮಹಡಿ, ಕಿಟಕಿಯ ಪಕ್ಕ, ನಲವತ್ತೊಂದನೇ ಹಾಸಿಗೆ. ಅತ್ತೆ ಸೊಸೆ ಅಂದರೆ ಎಣ್ಣೆ ಸೀಗೆಕಾಯಿ ಅಂತಾರಲ್ಲ, ಇವರು ಹಾಗಲ್ಲ. ನನ್ನ ಚಿಕ್ಕಮ್ಮ ತೀರಿಕೊಂಡ ಮೇಲೆ ಚೊಕ್ಕಿಗೆ ತಾಯಿ ಅಂತ ಉಳಿದದ್ದು ಆ ಅತ್ತೆಯೊಬ್ಬರೇ. ಡಾಕ್ಟರು ಸಂಜೆ ಬಂದು, ಈ ರಾತ್ರಿ ಕಳೆದರೆ ಭಯವಿಲ್ಲ ಅಂದಿದ್ದರು. ಕಳೆಯದಿದ್ದರೆ ಏನು ಅಂತ ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಈಗ ಆ ಪಟ್ಟಿಯ ಸಂಗತಿ ಸ್ವಲ್ಪ ಹೇಳಬೇಕು. ಕಂಪ್ಯೂಟರಿನಲ್ಲಿ ಒಂದು ಫೈಲು. ಒಬ್ಬರಿಗೆ ಒಂದು ಸಾಲು. ಮೊದಲು ಹೆಸರು, ಆಮೇಲೆ ಹಾಸಿಗೆ ನಂಬರ್, ಆಮೇಲೆ ವಯಸ್ಸು, ಕೊನೆಗೆ ಮನೆಯವರ ಫೋನು. ನಡುನಡುವೆ ಒಂದೊಂದು ಕಾಮಾ. ಯಾವುದಾದರೂ ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ. ಎರಡು ಕಾಮಾ ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಚೊಕ್ಕಿ ಕಪ್ಪು ಪರದೆಯ ಮೇಲೆ ಒಂದು ಸಾಲು ಕಮಾಂಡ್ ಟೈಪ್ ಮಾಡಿದರೆ ಆ ಫೈಲಿನಿಂದ ಪಟ್ಟಿ ತಯಾರಾಗುತ್ತದೆ.

ಆ ಜೋಡಿ ಕಾಮಾಗಳು ಅವಳಿಗೆ ಮೊದಲಿಂದಲೂ ಕಣ್ಣಿಗೆ ಚುಚ್ಚುತ್ತಿದ್ದವು. ಆವತ್ತು ಮನಸ್ಸು ಬೇರೆ ನೆಟ್ಟಗಿರಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಒತ್ತಾಗಿ ಬಂದ ಕಾಮಾಗಳನ್ನೆಲ್ಲ ಹಿಂಡಿ ಒಂದೇ ಮಾಡು ಅಂತ ಕಮಾಂಡಿಗೆ ಒಂದು ತುಂಡು ಸೇರಿಸಿದಳು. ಮೇಲಿನ ನಾಲ್ಕು ಸಾಲು ನೋಡಿದಳು. ಚೊಕ್ಕವಾಗಿತ್ತು. ವಾರ್ಡುಗಳಿಗೆ ಕಳಿಸಿ, ಮನೆಗೆ ಹೋಗಿ ಅತ್ತೆಗೆ ಬಿಸಿನೀರಿನ ಚೀಲ ತರೋಣ ಅಂತ ಹೊರಟಳು.

ರೆಕಾರ್ಡ್ ರೂಮಿನಿಂದ ಗೇಟಿಗೆ ಹೋಗುವ ದಾರಿಯಲ್ಲಿ ಒಂದು ಹಳೇ ಬಾವಿ ಇದೆ. ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದಿದ್ದಾರೆ. ಅದರ ಎದುರಿಗೇ ಶವಾಗಾರ. ಅವಳು ಬಾವಿಯ ಹತ್ತಿರ ಬಂದಾಗ ಹಿಂದೆ ಸದ್ದಾಯಿತು.

ಚಪ್… ಸರ್… ಚಪ್… ಸರ್…

ಒಂದು ಕಾಲಿಗೆ ಮಾತ್ರ ರಬ್ಬರ್ ಚಪ್ಪಲಿ ಇದ್ದರೆ ಬರುವ ಸದ್ದು. ಬೆನ್ನ ಹಿಂದೆಯೇ ಒಂದು ಹೆಂಗಸಿನ ಪಿಸುದನಿ.

"ನಲವತ್ತೊಂದು ಎಲ್ಲಿ ಬರತ್ತೆ?"

ಚೊಕ್ಕಿ ಬ್ಯಾಗಿನಲ್ಲಿ ಕೀಲಿಕೈ ಹುಡುಕುತ್ತಿದ್ದಳು. ತಲೆ ಎತ್ತಲೇ ಇಲ್ಲ.

"ಎರಡನೇ ಮಹಡಿ. ಎಡಗಡೆ. ಕಿಟಕಿ ಪಕ್ಕ."

"ಹ್ಞೂಂ…"

ಚಪ್… ಸರ್… ಸದ್ದು ದೂರವಾಯಿತು. ಎಂಟು ಹತ್ತು ಹೆಜ್ಜೆ ಹಾಕಿರಬೇಕು. ಅವಳ ಕಾಲು ತಾನಾಗಿ ನಿಂತಿತು. ನಲವತ್ತೊಂದು ಅತ್ತೆಯ ಹಾಸಿಗೆ… ಈ ಹೊತ್ತಿನಲ್ಲಿ ಅತ್ತೆಯನ್ನು ನೋಡಲು ಯಾರು ಬರುತ್ತಾರೆ?

ತಿರುಗಿ ನೋಡಿದಳು. ಯಾರೂ ಇಲ್ಲ. ವಾರ್ಡಿಗೆ ಫೋನ್ ಹಚ್ಚಿದಳು.

"ಸಿಸ್ಟರ್, ಅತ್ತೆ ಹತ್ರ ಯಾರಾದ್ರೂ ಬಂದ್ರಾ?"

"ಯಾರೂ ಇಲ್ವಲ್ಲ… ಆದ್ರೆ ನಿಮ್ಮ ಪಟ್ಟೀಲಿ ನಲವತ್ತೊಂದಕ್ಕೆ ಇಬ್ಬರನ್ನ ಹಾಕಿದ್ದೀರಿ. ನಾನೇ ಫೋನ್ ಮಾಡೋಣ ಅಂತಿದ್ದೆ."

"ಇಬ್ಬರಾ?"

"ಹೂಂ. ಮತ್ತೆ… ನಿಮ್ಮತ್ತೆ ಮೈ ಇದ್ದಕ್ಕಿದ್ದ ಹಾಗೆ ತಣ್ಣಗಾಗ್ತಾ ಇದೆ. ಡಾಕ್ಟರಿಗೆ ಹೇಳಿ ಕಳಿಸಿದೀನಿ. 'ಇಷ್ಟು ಒತ್ತಿದ್ರೆ ನಾನೆಲ್ಲಿ ಮಲಗ್ಲಿ' ಅಂತ ಯಾರ ಜೊತೆಗೋ ಮಾತಾಡ್ತಿದಾರೆ. ಬೇಗ ಬನ್ನಿ."

ಮೆಟ್ಟಿಲಿನ ಕಡೆಗೇ ಓಡಬೇಕಿತ್ತು. ಆದರೆ "ಇಬ್ಬರು" ಅನ್ನುವ ಮಾತು ಅವಳನ್ನು ರೆಕಾರ್ಡ್ ರೂಮಿಗೆ ಎಳೆಯಿತು. ಪಟ್ಟಿ ತೆರೆದಳು. ಕೊನೆಯ ಸಾಲಿನಲ್ಲಿ ಒಬ್ಬ ಹೆಂಗಸಿನ ಹೆಸರು. ಹಾಸಿಗೆ ನಲವತ್ತೊಂದು. ವಯಸ್ಸಿನ ಜಾಗದಲ್ಲಿ… ಉದ್ದಕ್ಕೆ ಹತ್ತಂಕಿ. ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಅದು ಫೋನ್ ನಂಬರು.

ಮೂಲ ಫೈಲು ನೋಡಿದಳು.

ಆಕೆ ಬಟ್ಟೆ ಹೊಲಿಯುತ್ತಿದ್ದ ಒಂಟಿ ಹೆಂಗಸು. ತೀರಿಕೊಂಡು ಮೂರು ದಿನ. ಕೊಟ್ಟ ನಂಬರನ್ನು ಯಾರೂ ಎತ್ತುತ್ತಿರಲಿಲ್ಲ. ಆ ಆಸ್ಪತ್ರೆಯಲ್ಲಿ ಯಾರಾದರೂ ಸತ್ತರೆ ಮೊದಲು ಅಳಿಸುವುದು ಹಾಸಿಗೆ ನಂಬರನ್ನು. ಹಾಸಿಗೆ ಇನ್ನೊಬ್ಬರಿಗೆ ಬೇಕಲ್ಲ. ಮನೆಯವರು ಬಂದು ದೇಹ ಒಯ್ಯುವವರೆಗೆ ಹೆಸರು ಮಾತ್ರ ಫೈಲಿನಲ್ಲಿ ಇರುತ್ತದೆ. ಹೆಸರು, ಕಾಮಾ, ಖಾಲಿ, ಕಾಮಾ, ವಯಸ್ಸು. ಆ ಖಾಲಿಯನ್ನು ಇವಳು ಹಿಂಡಿ ತೆಗೆದಿದ್ದಳು. ಹಿಂದಿದ್ದ ವಯಸ್ಸು ಮುಂದೆ ಸರಿದು ಹಾಸಿಗೆ ನಂಬರಿನ ಜಾಗದಲ್ಲಿ ಕೂತಿತ್ತು. ಆಕೆಗೆ ನಲವತ್ತೊಂದು ವರ್ಷ.

ಹಾಸಿಗೆಯೇ ಇಲ್ಲದವಳಿಗೆ ಇವಳು ಹಾಸಿಗೆ ಕೊಟ್ಟಿದ್ದಳು. ಸಾಲದ್ದಕ್ಕೆ ದಾರಿಯನ್ನೂ ತೋರಿಸಿದ್ದಳು.

ಕಮಾಂಡಿಗೆ ಸೇರಿಸಿದ್ದ ಆ ತುಂಡನ್ನು ಅಳಿಸಿ ಮತ್ತೆ ಪಟ್ಟಿ ತೆಗೆದಳು. ಪ್ರಿಂಟರು ಝರ್… ಝರ್… ಅಂತ ಎಳೆಯುತ್ತ ಕೂತಿತು. ಹಾಳೆ ಪೂರ್ತಿ ಹೊರಬರುವ ಮೊದಲೇ ಕಿತ್ತುಕೊಂಡು ಓಡಿದಳು.

ವಾರ್ಡಿನಲ್ಲಿ ಅತ್ತೆ ಹಾಸಿಗೆಯ ಅಂಚಿನಲ್ಲಿ ಮುದುಡಿಕೊಂಡಿದ್ದರು. ತುಟಿ ನೀಲಿ. ಕಿಟಕಿ ಕಡೆಯ ಅರ್ಧ ಹಾಸಿಗೆ ಖಾಲಿ. ಖಾಲಿ ಅಂದೆನಲ್ಲ… ದಿಂಬು ಮಾತ್ರ ತಲೆಯಿಟ್ಟ ಹಾಗೆ ತಗ್ಗಾಗಿತ್ತು. ಸಿಸ್ಟರ್ ಹೆದರಿ ಬಾಗಿಲಲ್ಲೇ ನಿಂತಿದ್ದಳು.

ಚೊಕ್ಕಿ ಸಿಸ್ಟರ್ ಕೈಲಿದ್ದ ಹಳೇ ಪಟ್ಟಿ ಹರಿದು ಹೊಸದನ್ನು ಹಾಸಿಗೆಯ ಸರಳಿಗೆ ಸಿಕ್ಕಿಸಿದಳು. ಆ ಖಾಲಿ ಅರ್ಧದ ಕಡೆ ಬಗ್ಗಿ ಪಿಸುಗುಟ್ಟಿದಳು.

"ಅಕ್ಕಾ… ತಪ್ಪು ನಂದು. ನಲವತ್ತೊಂದು ನಿಮ್ಮ ವಯಸ್ಸು. ಹಾಸಿಗೆ ಅಲ್ಲ. ಇದು ನಮ್ಮತ್ತೇದು. ಬಿಟ್ಟುಕೊಡಿ."

ಗೋಡೆ ಗಡಿಯಾರ ಮಾತ್ರ ಟಿಕ್… ಟಿಕ್…

ಆಮೇಲೆ, ಕಿವಿಗೆ ಅಂಟಿದ ಹಾಗೆ: "ಮತ್ತೆ… ನಂದೆಲ್ಲಿ?"

ಚೊಕ್ಕಿಗೆ ಅಳು ಬಂತು. ಭಯಕ್ಕಲ್ಲ. ಮೂರು ದಿನದಿಂದ ಆ ಹೆಸರನ್ನು ದಿನಾ ರಾತ್ರಿ ಅಚ್ಚು ಹಾಕಿದವಳು ಅವಳೇ, ಒಮ್ಮೆಯೂ ಓದಿರಲಿಲ್ಲ.

"ನಿಮ್ಮ ಜಾಗ ಖಾಲಿ ಇಟ್ಟಿದೀನಿ ಅಕ್ಕಾ. ಹಾಗೇ ಇರತ್ತೆ. ಅಲ್ಲಿಗೆ ಬೇರೆ ಯಾರೂ ಸರಿಯೋದಿಲ್ಲ… ನಿಮ್ಮವರನ್ನ ನಾನು ಹುಡುಕ್ತೀನಿ."

ಸ್ಪ್ರಿಂಗು ಕಿರ್ ಅಂದಿತು. ದಿಂಬು ನಿಧಾನವಾಗಿ ಉಬ್ಬಿತು. ಚಪ್… ಸರ್… ಚಪ್… ಸರ್… ಮೆಟ್ಟಿಲಿನವರೆಗೂ ಕೇಳಿಸಿತು.

ಅತ್ತೆ ಕಣ್ಣು ಬಿಟ್ಟರು. "ಹೋದ್ಲಾ? ಪಾಪ, ಎಷ್ಟು ತಣ್ಣಗಿದ್ಲೇ ಅವಳು…" ಅಂದು ಕಾಲು ಚಾಚಿ ಮಲಗಿದರು. ಬೆಳಗಾಗುವಷ್ಟರಲ್ಲಿ ಮೈ ಬೆಚ್ಚಗಿತ್ತು. ಈಗಲೂ ಗಟ್ಟಿಯಾಗಿದ್ದಾರೆ, ಸೊಸೆಯ ಅಡುಗೆಗೆ ಹೆಸರಿಡುವಷ್ಟು ಗಟ್ಟಿ.

ಚೊಕ್ಕಿ ಹನ್ನೊಂದು ದಿನ ಆ ನಂಬರಿಗೆ ಫೋನ್ ಮಾಡಿದಳು. ಹನ್ನೊಂದನೇ ದಿನ ಒಬ್ಬ ತಮ್ಮ ಎತ್ತಿದ. ಬಂದು ಅಕ್ಕನನ್ನು ಕರೆದುಕೊಂಡು ಹೋದ.

ನಂಬದಿದ್ದರೆ ಬಿಡಿ, ನಿಮ್ಮಿಷ್ಟ. ಆದರೆ ಇದೊಂದು ಕೇಳಿ. ಮಾರನೇ ಬೆಳಿಗ್ಗೆ ನಲವತ್ತೊಂದರ ಬೆಡ್‌ಶೀಟ್ ಬದಲಾಯಿಸುವಾಗ ಕಿಟಕಿ ಕಡೆ ಒಂದು ಪ್ಲಾಸ್ಟಿಕ್ ಪಟ್ಟಿ ಸಿಕ್ಕಿತು. ಆಸ್ಪತ್ರೆಗೆ ಸೇರಿದವರ ಮಣಿಕಟ್ಟಿಗೆ ಹಾಕುತ್ತಾರಲ್ಲ, ಅದು. ಒಮ್ಮೆ ಗುಂಡಿ ಒತ್ತಿದರೆ ಕತ್ತರಿಸಿಯೇ ತೆಗೆಯಬೇಕು. ಅದರ ಮೇಲೆ ಆ ಹೊಲಿಗೆಯಾಕೆಯ ಹೆಸರಿತ್ತು. ಇವತ್ತಿಗೂ ಚೊಕ್ಕಿಯ ಮೇಜಿನ ಖಾನೆಯಲ್ಲಿದೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ.

ಎಲ್ಲೂ ಕತ್ತರಿಸಿಲ್ಲ. ಹಾಕಿದ ಗುಂಡಿ ಹಾಕಿದ ಹಾಗೇ ಇದೆ.